ಆದೋನಿ ಪುರಸಭೆ: ಸಭೆಯ ನಿಯಮಗಳು

ಆದೋನಿ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಗ ಇಲ್ಲಿನ ಪುರಸಭೆಗೆ 1920ರ ಮದರಾಸು ಜಿಲ್ಲಾ ಪುರಸಭೆಗಳ ಕಾಯ್ದೆ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ 1965ರ ಆಂಧ್ರಪ್ರದೇಶ ಪುರಸಭೆಗಳ ಕಾಯ್ದೆ ಬಂತು. ಸಭೆ ನಡೆಸುವ ನಿಯಮಗಳು ಈ ಕಾಯ್ದೆಯಲ್ಲೇ ಇವೆ.

ಚುನಾಯಿತ ಕೌನ್ಸಿಲ್ ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ದಿನಾಂಕ, ವೇಳೆ, ಅಜೆಂಡಾ ಸದಸ್ಯರಿಗೆ ಸಾಮಾನ್ಯವಾಗಿ 3 ಪೂರ್ಣ ದಿನ ಮೊದಲೇ ತಲುಪಬೇಕು. ಇಲ್ಲದಿದ್ದರೆ ವಾರ್ಡಿನ ನೀರು, ಚರಂಡಿ ವಿಷಯದಲ್ಲಿ ಸದಸ್ಯರು ಸಿದ್ಧರಾಗಿ ಮಾತನಾಡುವುದು ಕಷ್ಟ. ಮೂರನೇ ಒಂದು ಭಾಗ ಸದಸ್ಯರಿದ್ದರೆ ಕೋರಂ. ತೀರ್ಮಾನ ಬಹುಮತದ್ದು; ಮತಗಳು ಸಮವಾದರೆ ಅಧ್ಯಕ್ಷರದು ನಿರ್ಣಾಯಕ ಮತ.

ಅಧ್ಯಕ್ಷರು ಕಾರಣವಿದ್ದು ಹೊರಗೆ ಕಳಿಸದ ಹೊರತು ಸಾರ್ವಜನಿಕರೂ ಕುಳಿತು ನೋಡಬಹುದು. ಸಭೆಗೆ ಹೋಗಲಾಗದವರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಡಾವಳಿಯ ಪ್ರತಿ ಕೇಳಿ ಪಡೆಯಬಹುದು.