ಎರಡು ಬಾಗಿಲಿನ ಕಾರು, ಹದಿನೈದು ವರ್ಷದ ಆಯುಷ್ಯ

'ಕೂಪೆ' ಎಂಬ ಪದ ದೆಹಲಿ ಕನ್ನಡಿಗರಾದ ನಮ್ಮಲ್ಲಿ ಬಹುಮಂದಿಗೆ ಪರಿಚಯವಾದದ್ದು ರಸ್ತೆಯಲ್ಲಿ ಅಲ್ಲ, ರೈಲಿನಲ್ಲಿ. ಮೊದಲ ದರ್ಜೆಯ ಬೋಗಿಯಲ್ಲಿ ಇಬ್ಬರಿಗಷ್ಟೇ ಮೀಸಲಾದ ಪುಟ್ಟ ಕೋಣೆಗೆ ರೈಲ್ವೆಯವರು ಇಟ್ಟ ಹೆಸರು ಅದು. ಮೂಲತಃ ಫ್ರೆಂಚ್ ಪದ. 'ಕತ್ತರಿಸಿದ್ದು' ಎಂದು ಅದರ ಅರ್ಥ. ಎದುರುಬದುರು ಆಸನಗಳಿದ್ದ ದೊಡ್ಡ ಕುದುರೆ ಸಾರೋಟಿನ ಒಂದು ಭಾಗವನ್ನು ಕತ್ತರಿಸಿ, ಇಬ್ಬರು ಕೂರುವಷ್ಟನ್ನು ಮಾತ್ರ ಉಳಿಸಿದ ಗಾಡಿಗೆ ಆ ಹೆಸರು ಬಂತು. ಮುಂದೆ ಅದು ಎರಡು ಬಾಗಿಲಿನ, ಹಿಂದಕ್ಕೆ ಇಳಿಜಾರಾದ ಸೂರಿನ ಕಾರಿಗೂ ಅಂಟಿಕೊಂಡಿತು. ಅಂದರೆ ಹುಟ್ಟಿನಿಂದಲೇ ಕೂಪೆ ಎಂಬುದು ಸಂಸಾರದ ವಾಹನವಲ್ಲ. ಮನೆಮಂದಿಯನ್ನು ಬಿಟ್ಟು ಹೊರಟವರ ವಾಹನ. ಯೌವನಕ್ಕೂ ಅದಕ್ಕೂ ಇರುವ ನಂಟಿನ ಮೂಲ ಇಲ್ಲಿಯೇ ಇದೆ.

ರಾಜಧಾನಿಯ ಕನ್ನಡ ಮನೆಗಳಲ್ಲಿ ಮಕ್ಕಳು ಕಾಲೇಜು ಸೇರಿದ ಮೇಲೆ ಕೇಳಿಬರುವ ಮಾತುಗಳಲ್ಲಿ ಇದೂ ಒಂದು: ಹೊಸ ಸಣ್ಣ ಕಾರಿನ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ, ಹಳೆಯ ಸ್ಪೋರ್ಟ್ಸ್ ಕೂಪೆಯೊಂದು ಕರೋಲ್ ಬಾಗ್‌ನಲ್ಲಿ ಸಿಗುವುದಾದರೆ ಅದನ್ನೇ ಏಕೆ ಕೊಳ್ಳಬಾರದು? ಪ್ರಶ್ನೆ ಬಾಲಿಶವೆಂದು ತಳ್ಳಿಹಾಕುವ ಮುನ್ನ, ಅಂಥ ಕಾರು ಅಷ್ಟು ಅಗ್ಗವಾಗಿ ಸಿಗುವುದೇಕೆ ಎಂದು ನಾವು ಕೇಳಿಕೊಳ್ಳಬೇಕು. ಆ ಉತ್ತರ ಎಂಜಿನ್ನಿನಲ್ಲಿ ಇಲ್ಲ, ಚರಿತ್ರೆಯಲ್ಲಿದೆ. ದೆಹಲಿಯಲ್ಲಿ ಹಳೆಯ ಕಾರಿನ ಬೆಲೆಯನ್ನು ಕಳೆದ ಏಳು ದಶಕಗಳಲ್ಲಿ ನಿರ್ಧರಿಸುತ್ತ ಬಂದದ್ದು ಯಂತ್ರದ ಸ್ಥಿತಿಗಿಂತ ಹೆಚ್ಚಾಗಿ ಸರ್ಕಾರದ ಕಾಗದ.

ಸ್ವಾತಂತ್ರ್ಯದ ನಂತರದ ಮೊದಲ ದಶಕದಲ್ಲಿ, ದೇಶದಲ್ಲೇ ತಯಾರಿಸುವ ಯೋಜನೆಯಿಲ್ಲದೆ ಬಿಡಿಭಾಗಗಳನ್ನು ತಂದು ಜೋಡಿಸಿ ಮಾರುತ್ತಿದ್ದ ವಿದೇಶಿ ಕಂಪನಿಗಳು ಇಲ್ಲಿಂದ ಗಂಟುಮೂಟೆ ಕಟ್ಟಿದವು. ಕಾರಿನ ಮಾರುಕಟ್ಟೆ ಮೂರು ಕಂಪನಿಗಳ ಪಾಲಾಯಿತು: ಕಲ್ಕತ್ತೆಯ ಬಳಿಯ ಹಿಂದೂಸ್ತಾನ್ ಮೋಟಾರ್ಸ್, ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್, ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್. ಈ ಮೂವರಲ್ಲಿ ಎರಡು ಬಾಗಿಲಿನ ಕಾರನ್ನು ಕೊಟ್ಟದ್ದು ಮದರಾಸು. 1959ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಟ್ರಯಂಫ್ ಹೆರಾಲ್ಡ್, 1961ರಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಇಲ್ಲಿಗೆ ಬಂತು. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ರೂಪಿಸಿದ ಅದರ ಮೈಕಟ್ಟು ಅಂಬಾಸಡರಿನ ಗುಂಡು ಬೆನ್ನಿನ ಪಕ್ಕದಲ್ಲಿ ಬೇರೆಯೇ ಲೋಕದ್ದಾಗಿ ಕಾಣುತ್ತಿತ್ತು. ಎಂಜಿನ್ ಕೇವಲ 948 ಸಿಸಿ. ಬಾನೆಟ್ಟು ಮುಂದಕ್ಕೆ ಮಗುಚಿಕೊಂಡರೆ ಎಂಜಿನ್ನಿನ ಮೂರೂ ಬದಿ ಕೈಗೆಟುಕುತ್ತಿತ್ತು. ಮದರಾಸಿನ ಹೊರವಲಯದ ಶೋಳಾವರಂನ ರೇಸುಗಳಲ್ಲಿ ಈ ಪುಟ್ಟ ಕಾರುಗಳು ಓಡಿದವು. ಆದರೆ 1960ರ ದಶಕ ಮುಗಿಯುವ ಹೊತ್ತಿಗೆ ಹೆರಾಲ್ಡ್‌ಗೂ ನಾಲ್ಕು ಬಾಗಿಲು ಬಂದವು. ವರ್ಷಗಟ್ಟಲೆ ಕಾದು ಒಂದೇ ಒಂದು ಕಾರು ಪಡೆಯುವ ಭಾರತೀಯ ಕುಟುಂಬ, ಅಜ್ಜಿಗೆ ಹತ್ತಲಾಗದ ಕಾರನ್ನು ಒಪ್ಪಲಿಲ್ಲ. ಎರಡು ಬಾಗಿಲು ನಮ್ಮಲ್ಲಿ ಸೋತದ್ದು ರುಚಿಯ ಅಭಾವದಿಂದಲ್ಲ, ಸರದಿಯ ಸಾಲಿನಿಂದ.

ಆ ಸರದಿಯ ಕಾಲದಲ್ಲಿ ಹಳೆಯ ಕಾರಿನ ಬೆಲೆ ತಲೆಕೆಳಗಾಗಿತ್ತು. ಹೊಸ ಕಾರಿಗೆ ಸರ್ಕಾರ ಬೆಲೆ ಕಟ್ಟುತ್ತಿತ್ತು. ಆ ಬೆಲೆ ನ್ಯಾಯವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದರೆ ಕಟ್ಟಿದ ಬೆಲೆಗೆ ಕಾರು ಕೈಗೆ ಸಿಗಲು ವರ್ಷಗಳು ಬೇಕಿದ್ದರಿಂದ, ಕೂಡಲೇ ಸಿಗುವ ಬಳಸಿದ ಕಾರು ಹೊಸದಕ್ಕಿಂತ ದುಬಾರಿಯಾಗಬಲ್ಲದಾಗಿತ್ತು. ಕೊಳ್ಳುವವನು ಯಂತ್ರಕ್ಕಲ್ಲ, ಕಾಯದೇ ಇರುವುದಕ್ಕೆ ಹಣ ಕೊಡುತ್ತಿದ್ದ. ಇಂಥ ಪೇಟೆಯಲ್ಲಿ ವಿದ್ಯಾರ್ಥಿಗೆ ಎಡೆಯೇ ಇರಲಿಲ್ಲ. ಅವನ ಪಾಲಿಗೆ ದಕ್ಕಿದ್ದು ಸೈಕಲ್ಲು, ಡಿಟಿಸಿ ಬಸ್ಸಿನ ಪಾಸು, ಅದೃಷ್ಟವಿದ್ದರೆ ತಂದೆಯ ಸ್ಕೂಟರು.

ಆದರೂ ದೆಹಲಿಗೆ ಮಾತ್ರ ಬೇರೆ ಊರುಗಳಿಗೆ ಅಷ್ಟಾಗಿ ಇಲ್ಲದ ಒಂದು ಕಿಂಡಿ ಇತ್ತು. ಅದು ಚಾಣಕ್ಯಪುರಿಯದು. ರಾಯಭಾರ ಕಚೇರಿಗಳ ಅಧಿಕಾರಿಗಳು ಸುಂಕವಿಲ್ಲದೆ ತಂದ ವಿದೇಶಿ ಕಾರುಗಳನ್ನು ಊರು ಬಿಡುವಾಗ ತಮಗೆ ತೋಚಿದವರಿಗೆ ಮಾರುವಂತಿರಲಿಲ್ಲ. 1956ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಅಂಥ ಕಾರುಗಳನ್ನು ಪಡೆದು ಮಾರುತ್ತಿತ್ತು. ದೇಶದ ಬಾಗಿಲು ಮುಚ್ಚಿದ್ದ ದಿನಗಳಲ್ಲಿ ರಾಜಧಾನಿಯ ಬೀದಿಗಳಲ್ಲಿ ಆಗಾಗ ಕಾಣುತ್ತಿದ್ದ ವಿಚಿತ್ರ ವಿದೇಶಿ ಕಾರುಗಳ ಗುಟ್ಟು ಇದು. ಸರ್ಕಾರವೇ ಇಲ್ಲಿ ಹಳೆಯ ಕಾರಿನ ವ್ಯಾಪಾರಿ. ಆ ಕಾರುಗಳ ಬಿಡಿಭಾಗ ಹುಡುಕುವ, ಸಿಗದಿದ್ದರೆ ಕೈಯಾರೆ ಕಡೆದು ಕೂರಿಸುವ ಕಸುಬು ಕಶ್ಮೀರಿ ಗೇಟಿನ ಬಿಡಿಭಾಗದ ಪೇಟೆಯ ಆಸುಪಾಸಿನಲ್ಲಿ ಬೆಳೆಯಿತು.

ಬದಲಾವಣೆ ಬಂದದ್ದೂ ರಾಜಧಾನಿಯ ಅಂಚಿನಿಂದಲೇ. 1983ರ ಡಿಸೆಂಬರ್ 14ರಂದು ಗುರುಗ್ರಾಮದ ಮಾರುತಿ ಕಾರ್ಖಾನೆಯ ಮೊದಲ ಕಾರಿನ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಮಧ್ಯಮ ವರ್ಗದ ಗ್ರಾಹಕರೊಬ್ಬರ ಕೈಗಿತ್ತರು. 796 ಸಿಸಿಯ, ಮೂರು ಸಿಲಿಂಡರಿನ ಆ ಕಾರು ದೇಶದ ಸಾಲನ್ನು ಕರಗಿಸಲು ಇನ್ನೂ ಕೆಲವು ವರ್ಷ ಬೇಕಾದವು. 1993ರಲ್ಲಿ ಕಾರು ತಯಾರಿಕೆ ಲೈಸೆನ್ಸಿನಿಂದ ಮುಕ್ತವಾಯಿತು. ಅಲ್ಲಿಂದ ಹೊಸ ಕಾರು ಹೊಸದರ ಬೆಲೆಗೆ, ಹಳೆಯದು ಹಳೆಯದರ ಬೆಲೆಗೆ ಸಿಗತೊಡಗಿತು. ಇಂದು ಸಹಜವೆನಿಸುವ ಈ ಕ್ರಮ ನಮ್ಮ ದೇಶದಲ್ಲಿ ಮೂರು ದಶಕಗಳಷ್ಟೇ ಹಳೆಯದು. ವಿದ್ಯಾರ್ಥಿಯೊಬ್ಬ ಬಳಸಿದ ಕಾರಿನ ಕನಸು ಕಾಣುವುದು ಸಾಧ್ಯವಾದದ್ದು ಆಮೇಲೆ.

ಆ ಕನಸಿಗೆ ತಕ್ಕ ಕಾರನ್ನು ಕಟ್ಟುವ ಯತ್ನ ಬೆಂಗಳೂರಿನಿಂದಲೂ ನಡೆಯಿತೆಂಬುದನ್ನು ಹೊರನಾಡ ಕನ್ನಡಿಗರು ನೆನೆಯಬೇಕು. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1998ರಲ್ಲಿ 'ಸ್ಟಾರ್ಮ್' ಎಂಬ ಇಬ್ಬರು ಕೂರುವ ಕಾರನ್ನು ಹೊರತಂದಿತು. ತಯಾರಾಗುತ್ತಿದ್ದದ್ದು ಗೋವಾದಲ್ಲಿ, ಮೈ ಫೈಬರ್ ಗ್ಲಾಸಿನದು, ಎಂಜಿನ್ ರೆನೋ ಕಂಪನಿಯ 1,149 ಸಿಸಿಯದು, ಸುಮಾರು 60 ಅಶ್ವಶಕ್ತಿ. ನೋಟಕ್ಕೆ ಸ್ಪೋರ್ಟ್ಸ್ ಕಾರು, ಓಟಕ್ಕೆ ಸಾಧಾರಣ. ಅದು ಜನಪ್ರಿಯವಾಗಲಿಲ್ಲ. ದೆಹಲಿಯ ಸುತ್ತಣ ಕಾರ್ಖಾನೆಗಳು ಹಿಡಿದ ದಾರಿ ಬೇರೆ. ಗ್ರೇಟರ್ ನೊಯಿಡಾದಲ್ಲಿ ತಯಾರಾದ ಹೋಂಡಾ ಸಿಟಿಯ ವಿಟೆಕ್ ಮಾದರಿ 2000ದಲ್ಲಿ ಬಂತು. ನಾಲ್ಕು ಬಾಗಿಲಿನ ಸಭ್ಯ ಸಂಸಾರಸ್ಥ ಮೈಯೊಳಗೆ 106 ಅಶ್ವಶಕ್ತಿ. 2003ರಲ್ಲಿ ಗುರುಗ್ರಾಮದ ಮಾರುತಿ, ಜೆನ್ ಕಾರಿನ ಪಕ್ಕದ ಬಾಗಿಲುಗಳನ್ನು ಎರಡಕ್ಕಿಳಿಸಿ 'ಕಾರ್ಬನ್', 'ಸ್ಟೀಲ್' ಎಂಬ ಹೆಸರಿನಲ್ಲಿ ಕೆಲವೇ ಕಾರುಗಳನ್ನು ಮಾರಿತು. ಕೆಲವು ವರ್ಷಗಳ ಬಳಿಕ ಇವು ಕೈ ಬದಲಿಸಿ ಪೇಟೆಗೆ ಬಂದಾಗ, ಬಡವರ ಮನೆಯ ಸ್ಪೋರ್ಟ್ಸ್ ಕಾರು ಎಂಬ ಮಾತಿಗೆ ನಿಜವಾದ ಅರ್ಥ ಬಂತು. ವಿದ್ಯಾರ್ಥಿಯ ಕೈಗೆಟುಕುವ ಬೆಲೆ, ಕಶ್ಮೀರಿ ಗೇಟಿನಲ್ಲಿ ಸಿಗುವ ಬಿಡಿಭಾಗ, ಓಣಿಯ ಮೆಕ್ಯಾನಿಕನಿಗೆ ತಿಳಿದಿರುವ ಎಂಜಿನ್. ಈ ಮೂರೂ ಒಟ್ಟಿಗೆ ಒದಗಿದ ಕಾಲ ದೀರ್ಘವಾಗಿರಲಿಲ್ಲ.

ಏಕೆಂದರೆ ಅಷ್ಟರಲ್ಲಿ ದೆಹಲಿಯ ಗಾಳಿ ಕೆಟ್ಟಿತ್ತು. 2014ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹದಿನೈದು ವರ್ಷ ಮೀರಿದ ವಾಹನಗಳನ್ನು ರಾಜಧಾನಿಯ ರಸ್ತೆಯಿಂದ ತೆಗೆಯಲು ಆದೇಶಿಸಿತು. 2015ರ ಏಪ್ರಿಲ್‌ನಲ್ಲಿ ಡೀಸೆಲ್ ವಾಹನಗಳಿಗೆ ಹತ್ತು ವರ್ಷದ ಮಿತಿ ಹಾಕಿತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಈ ಮಿತಿಗಳನ್ನು ರಾಷ್ಟ್ರೀಯ ರಾಜಧಾನಿ ಪ್ರದೇಶದಲ್ಲಿ ಜಾರಿಗೊಳಿಸಲು ನಿರ್ದೇಶಿಸಿತು. ಈ ವರ್ಷವನ್ನು ಗಮನಿಸಬೇಕು: 2003ರ ಕಾರ್ಬನ್ ಜೆನ್‌ಗೆ ಹದಿನೈದು ತುಂಬಿದ್ದು ಅದೇ 2018ರಲ್ಲಿ. ಗುರುಗ್ರಾಮದಲ್ಲೂ ಗ್ರೇಟರ್ ನೊಯಿಡಾದಲ್ಲೂ ಹುಟ್ಟಿದ ಕಾರುಗಳು ತಾವು ಹುಟ್ಟಿದ ನೆಲದಲ್ಲಿಯೇ ಓಡುವ ಹಕ್ಕು ಕಳೆದುಕೊಂಡವು. ಅವುಗಳ ಒಡಹುಟ್ಟುಗಳು ಇಂದಿಗೂ ಬೆಂಗಳೂರು, ಮೈಸೂರಿನ ರಸ್ತೆಗಳಲ್ಲಿ ಅರ್ಹತಾ ಪರೀಕ್ಷೆ ಮಾಡಿಸಿಕೊಂಡು, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಓಡಬಲ್ಲವು. 2025ರ ಜುಲೈ 1ರಿಂದ ದೆಹಲಿಯ ಪೆಟ್ರೋಲ್ ಬಂಕುಗಳಲ್ಲಿ ಅವಧಿ ಮೀರಿದ ವಾಹನಗಳಿಗೆ ಇಂಧನ ನಿರಾಕರಿಸುವ ಕ್ರಮ ಆರಂಭವಾಗಿ, ಜನರ ವಿರೋಧದಿಂದ ಕೆಲವೇ ದಿನಗಳಲ್ಲಿ ನಿಂತಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ವಯಸ್ಸೊಂದನ್ನೇ ಕಾರಣವಾಗಿಸಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಆ ಬಳಿಕವೂ ನಿಯಮ ಸ್ಥಿರವಾಗಿ ನಿಂತಿಲ್ಲ.

ಇದೇ ವೇಳೆ ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯ ಗೌರವ ಕೊಟ್ಟಿತು. 1964ರಿಂದ ಸ್ಟೇಟ್ಸ್‌ಮನ್ ಪತ್ರಿಕೆಯ ಹಳೆಯ ಕಾರುಗಳ ಮೆರವಣಿಗೆಯನ್ನು ಕಂಡ ನಗರಕ್ಕೆ ಇದು ಒಪ್ಪುವಂಥದ್ದೇ. ಆದರೆ ಲೆಕ್ಕ ನೋಡಿ: ರಾಜಧಾನಿಯಲ್ಲಿ ಹದಿನಾರರ ಕಾರು ಅಪರಾಧಿ, ಐವತ್ತೊಂದರ ಕಾರು ಪರಂಪರೆ. ನಡುವಿನ ಮೂವತ್ತೈದು ವರ್ಷ ಅದನ್ನು ಎಲ್ಲಿಡಬೇಕು? ಆ ಮೂವತ್ತೈದು ವರ್ಷದ ಗ್ಯಾರೇಜ್ ಬಾಡಿಗೆ ಕಟ್ಟಬಲ್ಲವನು ವಿದ್ಯಾರ್ಥಿಯಲ್ಲ. ಹೀಗೆ ಹಳೆಯ ವಸ್ತುವಿನ ಮೇಲಿನ ಪ್ರೀತಿ ಸಿರಿವಂತರಿಗೆ ಹವ್ಯಾಸವಾಗಿ, ಉಳಿದವರಿಗೆ ದಂಡವಾಗಿ ಒಡೆದುಹೋಯಿತು. ಗಾಳಿಯ ಪಕ್ಷವನ್ನು ಮರೆತು ಈ ಮಾತು ಹೇಳುತ್ತಿಲ್ಲ. ನವೆಂಬರಿನ ದೆಹಲಿಯಲ್ಲಿ ಮಕ್ಕಳ ಕೆಮ್ಮು ಕೇಳಿದ ಯಾರೂ ಹೊಗೆಯ ಪರ ವಾದಿಸಲಾರರು. ನಮ್ಮ ಆಕ್ಷೇಪ ಇಷ್ಟೆ: ಹೊಗೆಯನ್ನು ಅಳೆಯುವ ಯಂತ್ರ ಇರುವಾಗ, ಹುಟ್ಟಿದ ತಾರೀಖನ್ನು ಅಳತೆಗೋಲಾಗಿಸಿದ್ದರಿಂದ ಚೆನ್ನಾಗಿ ಕಾಪಾಡಿದವನಿಗೂ ಕೆಡಿಸಿದವನಿಗೂ ಒಂದೇ ತೀರ್ಪು ಬಂತು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ದೆಹಲಿಯಲ್ಲಿ ಹಳೆಯ ಸ್ಪೋರ್ಟ್ಸ್ ಕೂಪೆ ಅಗ್ಗ, ಏಕೆಂದರೆ ಅದರ ಆಯುಷ್ಯ ಕಾಗದದ ಮೇಲೆ ಮುಗಿಯುತ್ತ ಬಂದಿದೆ. ಒಂದು ಲೆಕ್ಕ ಹಾಕೋಣ. 2012ರಲ್ಲಿ ನೋಂದಣಿಯಾದ ಪೆಟ್ರೋಲ್ ಕೂಪೆಯನ್ನು 2025ರಲ್ಲಿ ಆರು ಲಕ್ಷಕ್ಕೆ ಕೊಂಡರೆಂದುಕೊಳ್ಳಿ. ಹದಿನೈದರ ಮಿತಿಗೆ ಉಳಿದದ್ದು ಎರಡು ವರ್ಷ. ಅಂದರೆ ಕೊಂಡದ್ದು ಆರು ಲಕ್ಷದ ಕಾರನ್ನಲ್ಲ, ವರ್ಷಕ್ಕೆ ಮೂರು ಲಕ್ಷದ ಬಾಡಿಗೆಯನ್ನು. ಕೊನೆಗೆ ಅದನ್ನು ನಿರಾಕ್ಷೇಪಣಾ ಪತ್ರದೊಂದಿಗೆ ಬೇರೆ ರಾಜ್ಯಕ್ಕೆ ಕಳಿಸಿದರೆ ಒಂದಿಷ್ಟು ಹಣ ಮರಳೀತು. ಇನ್ನು ವಿಮೆ: 2022ರ ದರಪಟ್ಟಿಯಂತೆ ಮೂರನೆಯವರ ಹೊಣೆಯ ವಾರ್ಷಿಕ ವಿಮೆ 1,000 ಸಿಸಿ ಮೀರಿದ, 1,500 ಸಿಸಿವರೆಗಿನ ಕಾರಿಗೆ 3,416 ರೂಪಾಯಿ, ಅದನ್ನು ಮೀರಿದರೆ 7,897 ರೂಪಾಯಿ. ಟೈರು, ಬ್ರೇಕು, ಕ್ಲಚ್ಚಿನ ಬೆಲೆ ಕಾರು ಹೊಸದಿದ್ದಾಗಿನ ಅಂತಸ್ತಿಗೆ ತಕ್ಕಂತೆಯೇ ಇರುತ್ತದೆ. ಕಾರಿನ ಬೆಲೆ ಇಳಿದೀತು, ಅದರ ಊಟದ ಖರ್ಚು ಇಳಿಯದು.

ಇದಕ್ಕಿಂತ ಗಂಭೀರವಾದದ್ದು ಹೆಸರಿನ ವಿಷಯ. ಬಳಸಿದ ಕಾರನ್ನು ಸ್ನೇಹಿತರಿಂದ ಸ್ನೇಹಿತರಿಗೆ ಬರೀ ಕೀಲಿ ಕೊಟ್ಟು ದಾಟಿಸುವ ರೂಢಿ ಹಾಸ್ಟೆಲುಗಳಲ್ಲಿ ಉಂಟು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿತು. ಅಲ್ಲಿಯೂ ಕಾರು ಹೀಗೆಯೇ ಹಲವು ಕೈ ದಾಟಿತ್ತು, ದಾಖಲೆಯಲ್ಲಿ ಹೆಸರು ಬದಲಾಗಿರಲಿಲ್ಲ, ಅಪಘಾತವಾಯಿತು. ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವವನದೇ ಎಂದಿತು ನ್ಯಾಯಾಲಯ. ಗಾಯಗೊಂಡವನು ಕಾರಿನ ಕೈಬದಲಾವಣೆಯ ಸರಪಳಿಯನ್ನು ಹುಡುಕಿಕೊಂಡು ಅಲೆಯಬೇಕಿಲ್ಲ ಎಂಬುದು ಅದರ ತಿರುಳು. ಆದ್ದರಿಂದ ಮಾರುವವನಿಗೂ ಕೊಳ್ಳುವವನಿಗೂ 29 ಮತ್ತು 30ನೆಯ ನಮೂನೆಗಳು ಬರಿಯ ಕಚೇರಿಯ ಕಾಟವಲ್ಲ. ವರ್ಗಾವಣೆಯಾದ ಹದಿನಾಲ್ಕು ದಿನಗಳೊಳಗೆ ವಿಮೆಯಲ್ಲೂ ಹೆಸರು ಬದಲಿಸಲು ಕೇಳಿಕೊಳ್ಳಬೇಕೆಂದು ಕಾಯ್ದೆ ಹೇಳುತ್ತದೆ. ಬ್ಯಾಂಕಿನ ಸಾಲದ ನಮೂದು ನೋಂದಣಿ ಪತ್ರದಿಂದ ಹೋಗಿದೆಯೇ ಎಂದು ನೋಡದೆ ಮುಂಗಡ ಕೊಡಕೂಡದು.

ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಹೊಳೆಯುವ ಮಾತೊಂದಿದೆ. ಕೇಂದ್ರ ನೌಕರರಿಗೆ ಒಂದು ಕಾಲಕ್ಕೆ ಕಾರು ಕೊಳ್ಳಲು ಸರ್ಕಾರವೇ ಮುಂಗಡ ಕೊಡುತ್ತಿತ್ತು. ಏಳನೆಯ ವೇತನ ಆಯೋಗದ ನಂತರ, 2016ರಲ್ಲಿ ಅದು ನಿಂತಿತು. ಕಾರನ್ನು ಸಾಲು, ಮುಂಗಡ, ಅನುಮತಿಗಳ ಮೂಲಕ ಕಂಡ ತಲೆಮಾರು ಹಿಂದಾಯಿತು. ಇಂದಿನ ತರುಣ ಅದನ್ನು ಫೋನಿನ ಪರದೆಯಲ್ಲಿ ಕಾಣುತ್ತಾನೆ. ಆದರೆ ಪರದೆಯ ಹಿಂದೆ ಇರುವುದು ಅದೇ ಕಾಗದ. ಅಂದು ಕಾಗದ ಕಾರನ್ನು ಮನೆಗೆ ಬರಗೊಡುತ್ತಿರಲಿಲ್ಲ, ಇಂದು ಮನೆಯಲ್ಲಿ ಉಳಿಯಗೊಡುವುದಿಲ್ಲ. ಮಕ್ಕಳಿಗೆ ಬೇಡವೆನ್ನುವ ಮೊದಲು ನೋಂದಣಿ ಪತ್ರವನ್ನು ಅವರ ಕೈಗೆ ಕೊಟ್ಟು ಆ ತಾರೀಖನ್ನು ಓದಿಸಿದರೆ ಸಾಕು. ಲೆಕ್ಕ ತಿಳಿದ ಮೇಲೂ ಎರಡು ವರ್ಷದ ಸಂತೋಷಕ್ಕೆ ತಾವೇ ದುಡಿದ ಹಣ ಇಡುತ್ತೇವೆಂದರೆ ಅದು ಅವರ ನಿರ್ಧಾರ. ಲೆಕ್ಕ ತಿಳಿಯದೆ ಇಟ್ಟರೆ ಅದು ಪೇಟೆಯ ಲಾಭ.