ಕಲ್ಲು ಹೇಳಿದ ಊರು, ಲೇಸರ್ ತೋರಿಸಿದ ಬೀದಿ: ಮಹೇಂದ್ರಪರ್ವತದ ಕಥೆ

ಶಾಸನ ಓದುವವರಿಗೆ ಒಂದು ಹಳೇ ತಲೆನೋವು ಇದ್ದೇ ಇದೆ. ಶಾಸನ ಬರೆಸಿದವನು ತನ್ನ ಕಾಲದ್ದನ್ನು ಹೇಳುತ್ತಿದ್ದಾನೋ, ಇಲ್ಲಾ ಮುತ್ತಜ್ಜನ ಕಾಲದ್ದನ್ನು ತನಗೆ ಅನುಕೂಲವಾಗುವ ಹಾಗೆ ಹೇಳುತ್ತಿದ್ದಾನೋ? ನಮ್ಮ ಗಂಗರ ತಾಮ್ರಪಟಗಳನ್ನೇ ನೋಡಿ. ಅವುಗಳಲ್ಲಿ ಎಷ್ಟೋ ಕೂಟಶಾಸನಗಳು ಅಂತ ಫ್ಲೀಟ್ ವಾದಿಸಿದರು, ರೈಸ್ ಒಪ್ಪಲಿಲ್ಲ. ಇಂಥ ಜಗಳ ಸಾಮಾನ್ಯವಾಗಿ ಲಿಪಿ, ಭಾಷೆ, ತಿಥಿ-ವಾರಗಳ ಲೆಕ್ಕದ ಮೇಲೆ ನಡೆಯುತ್ತದೆ. ಆದರೆ ಒಂದು ಶಾಸನದ ಮಾತನ್ನು ಹೆಲಿಕಾಪ್ಟರಿನಿಂದ ಲೇಸರ್ ಹಾಯಿಸಿ ಪರೀಕ್ಷೆ ಮಾಡಿದ್ದನ್ನು ಕೇಳಿದ್ದೀರಾ? ಅದು ನಡೆದದ್ದು ಕಾಂಬೋಡಿಯದಲ್ಲಿ.

ಸ್ದೋಕ್ ಕೋಕ್ ಥೋಮ್ ಶಾಸನ

ಈಗಿನ ಥಾಯ್ಲೆಂಡಿನಲ್ಲಿ, ಕಾಂಬೋಡಿಯದ ಗಡಿಗೆ ಹತ್ತಿರ, ಸ್ದೋಕ್ ಕೋಕ್ ಥೋಮ್ ಅನ್ನುವ ದೇವಾಲಯವಿದೆ. ಅಲ್ಲಿ ಸಿಕ್ಕಿದ ಶಾಸನಕ್ಕೆ ವಿದ್ವಾಂಸರು ಕೊಟ್ಟ ಸಂಖ್ಯೆ ಕೆ. 235. ಒಂದೂವರೆ ಮೀಟರ್ ಎತ್ತರದ ಕಲ್ಲು, ನಾಲ್ಕೂ ಮುಖದಲ್ಲಿ ಬರಹ, ಒಟ್ಟು 340 ಸಾಲು. ಅದರಲ್ಲಿ 194 ಸಾಲು ಸಂಸ್ಕೃತ, 146 ಸಾಲು ಹಳೆಯ ಖ್ಮೇರ್. ಪ್ರಶಸ್ತಿ ಭಾಗ ಸಂಸ್ಕೃತದಲ್ಲಿ, ಭೂಮಿಕಾಣಿಯಂಥ ವ್ಯವಹಾರದ ವಿವರ ಹೆಚ್ಚಾಗಿ ದೇಶಭಾಷೆಯಲ್ಲಿ. ನಮ್ಮ ದ್ವಿಭಾಷಾ ಶಾಸನಗಳನ್ನು ಓದಿದವರಿಗೆ ಈ ಹಂಚಿಕೆ ಹೊಸದೇನಲ್ಲ. ಕಾಲ ಎಣಿಸುವುದೂ ನಾವು ಬಳಸುವ ಶಕವರ್ಷದಲ್ಲೇ. ಜಾರ್ಜ್ ಸೆದೆಸ್ ಮತ್ತು ಪಿಯೆರ್ ದ್ಯುಪೋಂ 1943ರಲ್ಲಿ ಇದರ ಪಾಠ ಮತ್ತು ಫ್ರೆಂಚ್ ಅನುವಾದವನ್ನು ಪ್ರಕಟಿಸಿದರು.

ಶಾಸನದ ಕಾಲ 11ನೇ ಶತಮಾನದ ನಡುಭಾಗ, ರಾಜ ಎರಡನೇ ಉದಯಾದಿತ್ಯವರ್ಮ. ಬರೆಸಿದ್ದು ಸದಾಶಿವ ಅನ್ನುವ ಪುರೋಹಿತನ ಮನೆತನ. ಆದರೆ ಅದು ಹೇಳುವ ಮುಖ್ಯ ಕಥೆ ಸುಮಾರು 250 ವರ್ಷ ಹಿಂದಿನದು.

ಕಥೆ ಹೀಗಿದೆ. ಎರಡನೇ ಜಯವರ್ಮ 'ಜಾವಾ'ದಿಂದ ಬಂದ. ಇಂದ್ರಪುರ, ಹರಿಹರಾಲಯ, ಅಮರೇಂದ್ರಪುರ ಅಂತ ಊರಿಂದ ಊರಿಗೆ ಬಿಡಾರ ಬದಲಿಸಿ, ಕೊನೆಗೆ ಮಹೇಂದ್ರಪರ್ವತಕ್ಕೆ ಹೋಗಿ ರಾಜಧಾನಿ ಕಟ್ಟಿದ. ಅಲ್ಲಿಗೆ ಹಿರಣ್ಯದಾಮ ಅನ್ನುವ ಬ್ರಾಹ್ಮಣ ಬಂದು, ಕಂಬುಜದೇಶ ಇನ್ನು ಮುಂದೆ ಜಾವಾಕ್ಕೆ ಅಧೀನವಾಗದಿರಲಿ, ಒಬ್ಬನೇ ಚಕ್ರವರ್ತಿ ಇರಲಿ ಅಂತ ಒಂದು ವಿಧಿ ನಡೆಸಿದ. ವೀಣಾಶಿಖ, ನಯೋತ್ತರ, ಸಮ್ಮೋಹ, ಶಿರಶ್ಛೇದ ಅನ್ನುವ ನಾಲ್ಕು ತಂತ್ರಗ್ರಂಥಗಳನ್ನು ಶಿವಕೈವಲ್ಯ ಅನ್ನುವ ಪುರೋಹಿತನಿಗೆ ಕಲಿಸಿದ. ದೇವರಾಜನ ಪೂಜೆ ಇನ್ನು ಈ ಶಿವಕೈವಲ್ಯನ ವಂಶದವರಿಗೇ ಸೇರಿದ್ದು ಅಂತ ಗೊತ್ತುಮಾಡಿದರು. ಆಮೇಲೆ ರಾಜ ಹರಿಹರಾಲಯಕ್ಕೆ ಮರಳಿ, ಅಲ್ಲೇ ತೀರಿಕೊಂಡ.

ಮಹೇಂದ್ರಪರ್ವತದಲ್ಲಿ ಜಯವರ್ಮ ರಾಜನಾದ ವರ್ಷವನ್ನು ವಿದ್ವಾಂಸರು ಶಕ 724, ಅಂದರೆ ಕ್ರಿ.ಶ. 802 ಅಂತ ಒಪ್ಪಿದ್ದಾರೆ. ಅಂಗ್ಕೋರ್ ಸಾಮ್ರಾಜ್ಯದ ಹುಟ್ಟು ಅಂತ ಪಾಠಪುಸ್ತಕಗಳಲ್ಲಿ ಕಾಣುವ ವರ್ಷ ಇದೇ.

ಅನುಮಾನ ಯಾಕೆ?

ಬರೆಸಿದವರು ಯಾರು ಅಂತ ಮತ್ತೊಮ್ಮೆ ನೋಡಿ. ಆ ಸದಾಶಿವ ಇದೇ ಶಿವಕೈವಲ್ಯನ ವಂಶದವನು. ಪೂಜೆಯ ಹಕ್ಕು ನಮ್ಮದೇ, ಇಂತಿಂಥ ಊರು, ಇಂತಿಂಥ ಭೂಮಿ ನಮ್ಮ ಹಿರಿಯರಿಗೆ ರಾಜರು ಕೊಟ್ಟಿದ್ದು ಅಂತ ಕಲ್ಲಿನ ಮೇಲೆ ದಾಖಲು ಮಾಡಿಟ್ಟಿದ್ದಾನೆ. ಮನೆತನ ತನ್ನ ಆಸ್ತಿಗೆ ತಾನೇ ಬರೆದುಕೊಂಡ ಚರಿತ್ರೆ ಇದು. ಜಯವರ್ಮನದೇ ಆದ ಶಾಸನ ಮಹೇಂದ್ರಪರ್ವತದಿಂದ ಒಂದೂ ಸಿಕ್ಕಿಲ್ಲ. ಹೀಗಿರುವಾಗ ಮಹೇಂದ್ರಪರ್ವತ ಅನ್ನುವುದು ನಿಜವಾದ ರಾಜಧಾನಿಯೋ, ಬೆಟ್ಟದ ಮೇಲೆ ಒಂದೆರಡು ಗುಡಿ ಕಟ್ಟಿ ಪೂಜೆ ಮಾಡಿ ಬಂದದ್ದನ್ನೇ ಆಮೇಲಿನವರು ಊರು ಅಂತ ಉಬ್ಬಿಸಿದರೋ?

ಅದು ಅಂಗ್ಕೋರಿನ ಈಶಾನ್ಯಕ್ಕಿರುವ ಈಗಿನ ಕುಲೇನ್ ಬೆಟ್ಟ ಅಂತ ವಿದ್ವಾಂಸರು ಹಿಂದೆಯೇ ಗುರುತಿಸಿದ್ದರು. 1936ರಲ್ಲಿ ಫಿಲಿಪ್ ಸ್ಟರ್ನ್ ಅಲ್ಲಿ ಕಾಡು ಸುತ್ತಿ ಹಲವು ಗುಡಿಗಳನ್ನು ಪತ್ತೆಮಾಡಿದ್ದರು. ಆದರೆ ಕಾಡಿನಲ್ಲಿ ಚದುರಿಬಿದ್ದ ಗುಡಿಗಳನ್ನು ಕಂಡ ಮಾತ್ರಕ್ಕೆ ಪಟ್ಟಣ ಕಂಡ ಹಾಗಾಗಲಿಲ್ಲ. ಆಮೇಲೆ ಯುದ್ಧ ಬಂತು. ಬೆಟ್ಟ ಖ್ಮೇರ್ ರೂಜ್ ಪಡೆಗಳ ನೆಲೆಯಾಯ್ತು, ನೆಲದಲ್ಲಿ ಸಿಡಿಗುಂಡುಗಳನ್ನು ಹೂತರು. ಕಾಲಿಟ್ಟರೆ ಜೀವಕ್ಕೆ ಅಪಾಯ ಇರುವ ಕಡೆ ಸರ್ವೆ ಮಾಡೋದು ಹೇಗೆ?

ಎಲೆಗಳ ಸಂದಿನಿಂದ ಇಳಿದ ಬೆಳಕು

ಉತ್ತರ ಸಿಕ್ಕಿದ್ದು 2012ರ ಏಪ್ರಿಲಿನಲ್ಲಿ. ಡೇಮಿಯನ್ ಇವಾನ್ಸ್ ಮತ್ತು ಸಂಗಡಿಗರು ಹೆಲಿಕಾಪ್ಟರಿಗೆ ಲೈಡಾರ್ ಅನ್ನುವ ಲೇಸರ್ ಯಂತ್ರ ಕಟ್ಟಿಕೊಂಡು ಅಂಗ್ಕೋರ್, ಕೋಹ್ ಕೇರ್ ಮತ್ತು ಕುಲೇನ್ ಸೇರಿ ಸುಮಾರು 370 ಚದರ ಕಿಲೋಮೀಟರ್ ನೆಲವನ್ನು ಅಳೆದರು. ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ಕರಕೋಲ್ ಅನ್ನುವ ಮಾಯಾ ಪಟ್ಟಣದ ಮೇಲೆ 2009ರಲ್ಲಿ ಈ ಉಪಾಯ ಫಲಿಸಿತ್ತು.

ಲೈಡಾರ್ ಕೆಲಸ ಮಾಡುವ ರೀತಿ ಸರಳ. ಯಂತ್ರ ಸೆಕೆಂಡಿಗೆ ಸಾವಿರಾರು ಸಲ ಲೇಸರ್ ಮಿಡಿತಗಳನ್ನು ಕೆಳಕ್ಕೆ ಬಿಡುತ್ತದೆ. ಬೆಳಕು ಹೋಗಿ ಬಡಿದು ವಾಪಸ್ ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಬೆಳಕು 30 ಸೆಂಟಿಮೀಟರ್ ಓಡುತ್ತದೆ. ಹೋಗಿ ಬರುವ ಲೆಕ್ಕ ಹಿಡಿದರೆ, ಅಷ್ಟು ಸಮಯದ ವ್ಯತ್ಯಾಸ ಅಂದರೆ ಎತ್ತರದಲ್ಲಿ 15 ಸೆಂಟಿಮೀಟರ್ ವ್ಯತ್ಯಾಸ. ಹೆಚ್ಚಿನ ಮಿಡಿತಗಳು ಎಲೆಗೆ, ಕೊಂಬೆಗೆ ಬಡಿದು ಹಿಂತಿರುಗುತ್ತವೆ. ಕೆಲವು ಮಾತ್ರ ಎಲೆಗಳ ಸಂದಿನಲ್ಲಿ ನುಸುಳಿ ನೆಲ ಮುಟ್ಟುತ್ತವೆ, ಮರದ ಕೆಳಗೆ ಬಿಸಿಲಿನ ಚುಕ್ಕೆ ಬೀಳುತ್ತದಲ್ಲ, ಹಾಗೆ. ಕಂಪ್ಯೂಟರಿನಲ್ಲಿ ಗಿಡಮರದ ಬಿಂದುಗಳನ್ನೆಲ್ಲ ತೆಗೆದುಹಾಕಿ ಈ ನೆಲದ ಬಿಂದುಗಳನ್ನಷ್ಟೇ ಉಳಿಸಿಕೊಂಡರೆ, ಕಾಡು ಕಡಿಯದೆ ಬರೀ ನೆಲದ ಉಬ್ಬುತಗ್ಗು ಕಾಣುತ್ತದೆ.

ಕುಲೇನ್ ಮೇಲೆ ಕಂಡದ್ದೇನು? ಹೆಚ್ಚುಕಡಿಮೆ ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣವಾಗಿ ನೆಟ್ಟಗೆ ಹಾಯ್ದ ಏರಿಗಳು, ದಾರಿಗಳು. ಅವುಗಳ ನಡುವೆ ಚೌಕ ಚೌಕವಾದ ಕೇರಿಗಳು, ಕೆರೆಕಟ್ಟೆಗಳು, ಸಾಲುಸಾಲಾಗಿ ಜೋಡಿಸಿದ ದಿಬ್ಬಗಳು. ಮೊದಲೇ ಗೊತ್ತಿದ್ದ ಗುಡಿಗಳು, ರೋಂಗ್ ಚೆನ್ ಎಂಬ ಮೆಟ್ಟಿಲು ಮೆಟ್ಟಿಲಾದ ದೇವಾಲಯ, ಅರಮನೆ ಇದ್ದ ಜಾಗ, ಎಲ್ಲವೂ ಈ ಚೌಕಟ್ಟಿನೊಳಗೆ ಕೂತಿದ್ದವು. 2015ರಲ್ಲಿ ಇನ್ನೂ ವಿಸ್ತಾರವಾಗಿ ಅಳೆದರು. ಕುಲೇನ್‌ನಲ್ಲಿ ವರ್ಷಗಟ್ಟಲೆ ನೆಲದ ಕೆಲಸ ಮಾಡಿದ್ದ ಜಾನ್ ಬಾಪ್ತಿಸ್ತ್ ಶೆವಾನ್ಸ್ ಮತ್ತು ಇವಾನ್ಸ್ ತಂಡ 2019ರಲ್ಲಿ ಪೂರ್ಣ ನಕ್ಷೆ ಪ್ರಕಟಿಸಿತು. ನಕ್ಷೆ ಹಾಕಿ ಕಟ್ಟಿದ ಈ ಪಟ್ಟಣದ ವಿಸ್ತಾರ 40ರಿಂದ 50 ಚದರ ಕಿಲೋಮೀಟರ್. ದೊಡ್ಡದೊಂದು ಕೆರೆ ಅರ್ಧಕ್ಕೇ ನಿಂತಿರುವುದೂ ಕಂಡಿತು. ರಾಜ ಬೆಟ್ಟ ಬಿಟ್ಟು ಹರಿಹರಾಲಯಕ್ಕೆ ಹಿಂತಿರುಗಿದ ಅನ್ನುವ ಶಾಸನದ ಮಾತಿನ ಜತೆ ಇಟ್ಟು ನೋಡಿದರೆ, ಮುಗಿಯದ ಆ ಕೆರೆ ಮನಸ್ಸಿನಲ್ಲಿ ನಿಂತುಬಿಡುತ್ತದೆ.

ಏನು ಸಾಬೀತಾಯ್ತು, ಏನು ಆಗಲಿಲ್ಲ

2013ರಲ್ಲಿ ಸುದ್ದಿ ಬಂದಾಗ ಪತ್ರಿಕೆಗಳೆಲ್ಲ 'ಕಳೆದುಹೋದ ನಗರ ಪತ್ತೆ' ಅಂತ ಬರೆದವು. ಊರು ಕಳೆದುಹೋಗಿರಲಿಲ್ಲ. ಅದರ ಹೆಸರು ಶಾಸನದಲ್ಲಿತ್ತು, ಗುಡಿಗಳು ಬೆಟ್ಟದ ಹಳ್ಳಿಯವರಿಗೆ ಗೊತ್ತಿದ್ದವು. ಕಾಣದೆ ಇದ್ದದ್ದು ಅದರ ಬೀದಿಗಳು, ಅದರ ಅಳತೆ.

ಇನ್ನೊಂದು ವಿಷಯ. ಲೇಸರಿಗೆ ಕಾಲ ಹೇಳಲು ಬರುವುದಿಲ್ಲ, ಹೆಸರು ಓದಲೂ ಬರುವುದಿಲ್ಲ. ಒಂದು ಏರಿ 9ನೇ ಶತಮಾನದ್ದೋ 16ನೆಯದ್ದೋ ಅಂತ ತಿಳಿಯಲು ಮಣ್ಣು ಅಗೆಯಲೇ ಬೇಕು. ಉತ್ಖನನದ ಪುರಾವೆಗಳು ಪಟ್ಟಣವನ್ನು 8ನೇ ಶತಮಾನದ ಕೊನೆ, 9ನೇ ಶತಮಾನದ ಸುಮಾರಿಗೆ ತಂದು ನಿಲ್ಲಿಸಿದ್ದರಿಂದಲೇ ಶಾಸನಕ್ಕೂ ನಕ್ಷೆಗೂ ತಾಳೆಯಾಯ್ತು.

ಹಾಗಾದರೆ ಸದಾಶಿವನ ಮನೆತನ ಹೇಳಿದ್ದೆಲ್ಲ ನಿಜವೇ? ಅಲ್ಲೇ ಎಚ್ಚರ ಬೇಕು. ಬೆಟ್ಟದ ಮೇಲೆ ರಾಜಧಾನಿ ಇತ್ತು ಅನ್ನುವ ಮಾತು ಗಟ್ಟಿಯಾಯ್ತು. ನಾಲ್ಕು ತಂತ್ರಗಳಲ್ಲಿ ವೀಣಾಶಿಖವೂ ಕಟ್ಟುಕಥೆಯಲ್ಲ. ನೇಪಾಳದಲ್ಲಿ ಉಳಿದ ಹಸ್ತಪ್ರತಿಯಿಂದ ಟ್ಯೂನ್ ಗೌದ್ರಿಯಾನ್ 1985ರಲ್ಲಿ ಅದನ್ನು ಸಂಪಾದಿಸಿದ್ದಾರೆ. ಆದರೆ ಹಿರಣ್ಯದಾಮ ಆ ದಿನ ಆ ವಿಧಿ ನಡೆಸಿದನೇ, ಪೂಜೆಯ ಹಕ್ಕು ಒಂದೇ ವಂಶಕ್ಕೆ ಬರೆದುಕೊಟ್ಟರೇ, 'ಜಾವಾ' ಅಂದರೆ ಯಾವ ನಾಡು, ಇವು ಯಾವುದಕ್ಕೂ ಲೇಸರ್ ಸಾಕ್ಷಿ ಹೇಳುವುದಿಲ್ಲ. ಸಾಕ್ಷಿಯ ಒಂದು ಮಾತು ನಿಜ ಅಂತ ಗೊತ್ತಾದ ಮಾತ್ರಕ್ಕೆ ಉಳಿದದ್ದೆಲ್ಲ ನಿಜ ಅಂತ ಒಪ್ಪುವ ಹಾಗಿಲ್ಲ. ಹಾಗೇನೇ, ಸ್ವಾರ್ಥಕ್ಕೆ ಬರೆದ ಶಾಸನ ಅಂತ ಪೂರಾ ತಳ್ಳಿಹಾಕುವ ಹಾಗೂ ಇಲ್ಲ. ಹಕ್ಕು ಸಾಧಿಸಲು ಹೊರಟವನು ಎಲ್ಲರಿಗೂ ಗೊತ್ತಿದ್ದ ಊರಿನ ಹೆಸರನ್ನೇ ಹಿಡಿದುಕೊಳ್ಳುತ್ತಾನೆ, ಅಲ್ವಾ?

ನಮ್ಮ ಕಡೆಗೂ ಇದರಲ್ಲೊಂದು ಪಾಠವಿದೆ. ದಾನಶಾಸನ ಓದುವಾಗ ಪ್ರಶಸ್ತಿ ಭಾಗವನ್ನು ಆಸೆಯಿಂದ ಓದ್ತೀವಿ, ಸೀಮೆಯ ವಿವರ ಬಂದ ಕೂಡಲೇ ಹಾಳೆ ಮಗುಚ್ತೀವಿ. ಮೂಡಲು ಇಂಥ ಕೆರೆ, ತೆಂಕಲು ಇಂಥ ಹಳ್ಳ, ಪಡುವಲು ಇಂಥ ಊರಿನ ದಾರಿ. ಅವುಗಳಲ್ಲಿ ಎಷ್ಟೋ ಊರುಗಳು ಈಗ ಕಂದಾಯ ದಾಖಲೆಯಲ್ಲಿ ಬೇಚರಾಕ್, ಇಲ್ಲವೇ ಕಾಡಿನೊಳಗೆ. ಅಂಥ ಕಾಡಿನ ಮೇಲೆ ಲೇಸರ್ ಹಾಯಿಸಿದ ದಿನ ಏರಿಗಳು, ಬೀದಿಗಳು ಕಂಡಾವು. ಆಗ ಅವುಗಳಿಗೆ ಹೆಸರು ಕೊಡಬೇಕಾದ್ದು ಆ ಒಣ ಸಾಲುಗಳೇ. ಶಾಸನ ಕಂಡಾಗ ಅದು ನಿಂತ ಜಾಗವನ್ನು ಸರಿಯಾಗಿ ಗುರುತು ಹಾಕಿಕೊಳ್ಳಿ, ಎಲ್ಲೆಯ ಸಾಲುಗಳನ್ನು ಬಿಡದೆ ಓದಿ.