ಗೊಂಬೆಯ ಮೈಬಣ್ಣ

ಚರಿತ್ರೆಯ ಪಾಠದಲ್ಲಿ ಚನ್ನಪಟ್ಟಣ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ: ಮರದ ಗೊಂಬೆಗಳಿಗೆ ಹೆಸರಾದ ಊರು. ಇನ್ನಷ್ಟು ಬೇಕೆಂದವರಿಗೆ ಎರಡು ಹೆಸರು ಸಿಗುತ್ತವೆ. ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಪ್ರತೀತಿ. ಮುಂದೆ ಬವಾಸ್ ಮಿಯಾ ಎಂಬುವರು ಜಪಾನಿನ ಗೊಂಬೆ ಮಾಡುವ ಕ್ರಮವನ್ನು ಇಲ್ಲಿಯವರಿಗೆ ಕಲಿಸಿದರೆಂದು ಹೇಳುತ್ತಾರೆ. ಎಷ್ಟೋ ವರ್ಷ ನಾನೂ ಇಷ್ಟನ್ನೇ ಬೋರ್ಡಿನ ಮೇಲೆ ಬರೆದಿದ್ದೇನೆ. ಗೊಂಬೆಯ ಮೈಮೇಲಿನ ಬಣ್ಣದ ಚರಿತ್ರೆ ಮಾತ್ರ ಪಾಠದಲ್ಲಿಲ್ಲ. ಅದನ್ನು ಹುಡುಕುತ್ತ ಹೋದರೆ ದಾರಿ ನಮ್ಮ ಅಡುಗೆಮನೆಗೇ ಬರುತ್ತದೆ.

ಗೊಂಬೆಗೆ ಬೇಕಾದದ್ದು ಆಲೆಮರ. ಹಾಲಿನಂತೆ ಬಿಳುಪು, ಮೆದು, ನಯ. ಚೆನ್ನಾಗಿ ಒಣಗಿದ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗಿಸುತ್ತ ಉಳಿಯಿಂದ ರೂಪ ಕೊಡುತ್ತಾರೆ. ಬಣ್ಣಕ್ಕೆ ಕುಂಚವಿಲ್ಲ. ಪಾಂಡವರ ಕಥೆಯಲ್ಲಿ ಮನೆ ಕಟ್ಟಿ ಸುಟ್ಟರಲ್ಲ, ಅದೇ ಅರಗು ಇಲ್ಲಿ ಮಕ್ಕಳ ಸಂತೋಷಕ್ಕೆ ಕರಗುತ್ತದೆ. ಬಿಸಿ ಅರಗಿಗೆ ಬಣ್ಣ ಬೆರೆಸಿ, ಹಿಟ್ಟಿನಂತೆ ನಾದಿ, ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ತಿರುಗುವ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ಉಜ್ಜುವ ಕಾವಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ಕೇದಗೆಯ ಒಣಗರಿ ಹಿಡಿದರೆ ಕನ್ನಡಿಯ ಹೊಳಪು.

ಗಿಡಮೂಲದ ಬಣ್ಣ ಬಳಸುವ ಕಡೆ ಅರಗಿಗೆ ಬೀಳುವುದೇನು? ಹಳದಿಗೆ ಅರಿಶಿನ, ಕೆಂಪಿಗೆ ಕುಂಕುಮ, ನೀಲಿಗೆ ನೀಲಿಗಿಡ, ಕಂದಿಗೆ ಕಾಚು. ಅರಿಶಿನಕ್ಕೆ ನೀಲಿ ಬೆರೆಸಿದರೆ ಹಸಿರು. ಇದರಲ್ಲಿ ನಮಗೆ ಹೊಸದೇನಿದೆ? ಆರತಿ ತಟ್ಟೆಯ ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ಅಮ್ಮಂದಿರೇ ನಮಗೆ ತೋರಿಸಿದ್ದು. ಆ ಕೆಂಪಿಗೆ ಹುಣಿಸೆಹುಳಿ ಹಿಂಡಿದರೆ ಮತ್ತೆ ಹಳದಿ. ನಾನು ಆಮ್ಲ, ಪ್ರತ್ಯಾಮ್ಲ ಎಂಬ ಪದಗಳನ್ನು ಕಲಿತದ್ದು ಅದಾದ ಎಷ್ಟೋ ವರ್ಷಕ್ಕೆ. ಯೂರೋಪಿನ ಎಷ್ಟೋ ಮನೆಗಳಲ್ಲಿ ಈಸ್ಟರ್ ಹಬ್ಬಕ್ಕೆ ಈರುಳ್ಳಿ ಸಿಪ್ಪೆಯೊಡನೆ ಮೊಟ್ಟೆ ಬೇಯಿಸಿ ಅದಕ್ಕೆ ಕೆಂಗಂದು ಬಣ್ಣ ಬರಿಸುತ್ತಾರೆ. ಎಲ್ಲಿ ಹೋದರೂ ಹೆಣ್ಣುಮಕ್ಕಳು ಸಿಪ್ಪೆಯನ್ನೂ ಸುಮ್ಮನೆ ಬಿಸಾಡುವವರಲ್ಲ!

ಇನ್ನೊಂದು ಸೋಜಿಗವಿದೆ. ಬಿಳಿಯ ಆಲೆಮರದ ಎಲೆಯಲ್ಲೇ ನೀಲಿ ಬಣ್ಣ ಅಡಗಿದೆ. ಸಸ್ಯಶಾಸ್ತ್ರಜ್ಞರು ಅದಕ್ಕಿಟ್ಟ ಹೆಸರು ರೈಟಿಯಾ ಟಿಂಕ್ಟೋರಿಯಾ; ಎರಡನೆಯ ಪದ ಬಣ್ಣ ಕಟ್ಟುವುದನ್ನೇ ಹೇಳುತ್ತದೆ.

1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನ ವಸ್ತುವಿನಿಂದ ನೇರಳೆ ಬಣ್ಣ ತೆಗೆದ. 1897ರ ಹೊತ್ತಿಗೆ ಕಾರ್ಖಾನೆಯ ನೀಲಿಯೂ ಮಾರುಕಟ್ಟೆಗೆ ಬಂತು. ಅಗ್ಗ, ಗಾಢ, ಕೆಲಸ ಬೇಗ. ಅರಿಶಿನವೋ ಬಿಸಿಲಿಗೆ ಮಂಕಾಗುತ್ತದೆ. ಹೊಟ್ಟೆಪಾಡಿನ ಕಸುಬಿನವರು ರಾಸಾಯನಿಕ ಬಣ್ಣಕ್ಕೆ ತಿರುಗಿದರೆ ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಗೊಂಬೆ ಕೊನೆಗೆ ಸೇರುವುದು ಮಗುವಿನ ಬಾಯಿಗೆ. 2007ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಚೀನಾದಲ್ಲಿ ಮಾಡಿಸಿದ ಲಕ್ಷಗಟ್ಟಲೆ ಆಟಿಕೆಗಳನ್ನು ಬಣ್ಣದಲ್ಲಿ ಸೀಸವಿದೆಯೆಂದು ಹಿಂದಕ್ಕೆ ಪಡೆಯಿತು. ಸೀಸ ಎಳೆಯ ಮಿದುಳನ್ನು ಕೆಡಿಸುವ ವಿಷ. ಆಮೇಲೆ ಜಗತ್ತು ಬಣ್ಣದ ಡಬ್ಬಿಯೊಳಗೆ ಇಣುಕಿ ನೋಡತೊಡಗಿತು. ನಮ್ಮ ದೇಶವೂ 2021ರಿಂದ ಆಟಿಕೆಗಳಿಗೆ ಸುರಕ್ಷತೆಯ ಮಾನಕವನ್ನು ಕಡ್ಡಾಯ ಮಾಡಿತು.

ಚನ್ನಪಟ್ಟಣದ ಗೊಂಬೆಗೆ 2005-06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಈಗ ಲೇತಿನ ಮುಂದೆ ಹೆಂಗಸರೂ ಕುಳಿತು ಸಂಪಾದಿಸುತ್ತಾರೆ. ಇದು ಸಂತೋಷ. ಆದರೆ ಅರಿಶಿನಕ್ಕೆ ಎಷ್ಟು ಸುಣ್ಣ ಎಂದು ಕೈಯಳತೆಯಲ್ಲೇ ಬಲ್ಲವರು, ಮಗುವಿನ ಬಾಯಿಗೆ ಏನು ಹೋಗಬಹುದು, ಏನು ಹೋಗಬಾರದು ಎಂದು ಕಾದವರು, ಯಾವ ಚರಿತ್ರೆಯಲ್ಲೂ ಹೆಸರಾಗಿ ಉಳಿಯಲಿಲ್ಲ. ಅದನ್ನು ವಿದ್ಯೆಯೆಂದು ಅವರೂ ಎಣಿಸಲಿಲ್ಲ, ನಾವೂ ಬರೆದಿಡಲಿಲ್ಲ. ಮುಂದಿನ ಸಲ ಗೊಂಬೆ ಕೊಳ್ಳುವಾಗ ಬೆಲೆಯ ಜೊತೆಗೆ ಬಣ್ಣ ಯಾವುದರದೆಂದು ಕೇಳಿ. ಮನೆಗೆ ಬಂದು, ಅಮ್ಮನೋ ಅತ್ತೆಯೋ ಇದ್ದರೆ, ಅವರಿಗೆ ಗೊತ್ತಿರುವ ಬಣ್ಣಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕೆಳಗೆ ಅವರ ಹೆಸರನ್ನೂ ಸೇರಿಸಿ.